ಎರಡು ಗೆರೆ ಮೂಡುವ ಮುನ್ನ: ಗರ್ಭಧಾರಣೆಗೆ ದೇಹವನ್ನು ಅಣಿಗೊಳಿಸುವ ಮೂರು ತಿಂಗಳು

ನಮ್ಮಲ್ಲಿ ಬಸುರಿಯ ಆರೈಕೆ ಎಂಬುದು ಗರ್ಭ ನಿಂತಿರುವುದು ಖಚಿತವಾದ ಮೇಲೆ ಶುರುವಾಗುವ ಸಂಗತಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಳ್ಳುವುದು, ತಾಯಿ ಕಾರ್ಡ್ ಕೈಸೇರುವುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಕೊಡುವುದು, ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟ ಸಿಗುವುದು, ಮನೆಯವರು ಬಯಕೆ ಕೇಳಿ ಅಡುಗೆ ಮಾಡುವುದು, ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ ಮಡಿಲು ತುಂಬುವುದು, ಇವೆಲ್ಲ ಆಮೇಲೆ ಒಂದರ ಹಿಂದೊಂದು ಬರುತ್ತವೆ. ಮದುವೆಯಾಗಿ ನಾಲ್ಕು ತಿಂಗಳಾಗುವಷ್ಟರಲ್ಲಿ ‘ಏನಾದರೂ ವಿಶೇಷ ಉಂಟೇ?’ ಎಂದು ಕೇಳುವ ನೆಂಟರಿಗೆ ಕೊರತೆಯಿಲ್ಲ. ಆದರೆ ಅದಕ್ಕೂ ಮುನ್ನ ಹೆಂಡತಿಯ ಹಿಮೋಗ್ಲೋಬಿನ್ ಎಷ್ಟಿದೆ, ಥೈರಾಯ್ಡ್ ಸರಿಯಿದೆಯೇ, ಗಂಡ ಗುಟ್ಕಾ ಬಿಟ್ಟಿದ್ದಾನೆಯೇ ಎಂದು ಕೇಳುವವರು ಅಪರೂಪ. ಭ್ರೂಣ ಬೆಳೆಯುವ ಕ್ರಮವನ್ನು ದಿನ ಲೆಕ್ಕದಲ್ಲಿ ನೋಡಿದರೆ, ನಮ್ಮ ಆರೈಕೆ ಎಷ್ಟು ತಡವಾಗಿ ಶುರುವಾಗುತ್ತದೆ ಎಂಬುದು ತಿಳಿಯುತ್ತದೆ.

ವೈದ್ಯರು ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. 28 ದಿನಗಳ ಋತುಚಕ್ರವಿರುವ ಹೆಣ್ಣಿನಲ್ಲಿ ಸುಮಾರು 14ನೆಯ ದಿನ ಅಂಡ ಬಿಡುಗಡೆಯಾಗುತ್ತದೆ. ಗರ್ಭ ಕಟ್ಟುವುದಾದರೆ ಆ ಹೊತ್ತಿಗೇ ಕಟ್ಟುತ್ತದೆ. ಹಾಗಾಗಿ ಮುಂದಿನ ಮುಟ್ಟು ಬರಬೇಕಾಗಿದ್ದ ದಿನಕ್ಕೆ ಭ್ರೂಣಕ್ಕೆ ಆಗಲೇ ಎರಡು ವಾರ ತುಂಬಿರುತ್ತದೆ. ಗರ್ಭ ಕಟ್ಟಿದ ದಿನದಿಂದ ಎಣಿಸಿದರೆ, ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಕಡೆಯ ಜೀವಕೋಶಗಳ ಪದರವೊಂದು, ವೀಳ್ಯದೆಲೆಯ ಎರಡು ಅಂಚುಗಳನ್ನು ಮೇಲೆತ್ತಿ ಕೂಡಿಸಿದಂತೆ, ಮಡಚಿಕೊಂಡು ಕೊಳವೆಯಾಗತೊಡಗುತ್ತದೆ. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಇದೇ. 22ನೆಯ ದಿನದ ಸುಮಾರಿಗೆ ಹೃದಯ ಮಿಡಿಯತೊಡಗುತ್ತದೆ. 28ನೆಯ ದಿನದ ಹೊತ್ತಿಗೆ ನರಕೊಳವೆಯ ಎರಡೂ ತುದಿಗಳು ಮುಚ್ಚಿಕೊಂಡಿರಬೇಕು. ಎಂಟು ವಾರ ಮುಗಿಯುವಷ್ಟರಲ್ಲಿ ಮುಖ್ಯ ಅಂಗಗಳೆಲ್ಲವೂ ತಮ್ಮ ಮೊದಲ ರೂಪವನ್ನು ಪಡೆದಿರುತ್ತವೆ.

ಇದರ ಪಕ್ಕದಲ್ಲಿ ಮನೆಯ ಲೆಕ್ಕವನ್ನು ಇಟ್ಟು ನೋಡಬೇಕು. ಮುಟ್ಟು ನಾಲ್ಕು ದಿನ ತಡವಾದರೆ ಬಹಳಷ್ಟು ಹೆಂಗಸರು ತಲೆಕೆಡಿಸಿಕೊಳ್ಳುವುದಿಲ್ಲ. ಇನ್ನೊಂದು ವಾರ ಕಾಯುತ್ತಾರೆ, ಆಮೇಲೆ ಔಷಧದಂಗಡಿಯಿಂದ ಪರೀಕ್ಷೆಯ ಪಟ್ಟಿ ತರಿಸುತ್ತಾರೆ, ಎರಡು ಗೆರೆ ಮೂಡಿದ ಮೇಲೆ ಆಸ್ಪತ್ರೆಗೆ ಹೋಗಲು ಇನ್ನೂ ಒಂದೆರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನರಕೊಳವೆ ಮುಚ್ಚಿಯಾಗಿರುತ್ತದೆ ಅಥವಾ ಮುಚ್ಚದೆ ಉಳಿದಾಗಿರುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ವೈದ್ಯರು ಎಷ್ಟೇ ಒಳ್ಳೆಯ ಮಾತ್ರೆ ಬರೆದುಕೊಟ್ಟರೂ ಆ ಒಂದು ಕೆಲಸವನ್ನು ತಿದ್ದಲಾಗುವುದಿಲ್ಲ. ಗರ್ಭಧಾರಣೆಗೆ ಮೊದಲೇ ಸಿದ್ಧತೆ ಬೇಕು ಎಂದು ವೈದ್ಯರು ಹೇಳುವುದಕ್ಕೆ ಮೂಲ ಕಾರಣ ಇದು.

ಸಿದ್ಧತೆಗೆ ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಮೂರು ತಿಂಗಳು. ಇದು ಬಾಯಿಗೆ ಬಂದ ಅಂಕಿಯಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಗಂಡಸಿನ ದೇಹದಲ್ಲಿ ವೀರ್ಯಾಣುವೊಂದು ಹುಟ್ಟಿ ಬಲಿತು ಹೊರಬರಲು ಬೇಕಾದ ಕಾಲ ಹೆಚ್ಚುಕಡಿಮೆ ಮೂರು ತಿಂಗಳು, ರಕ್ತದ ಸಕ್ಕರೆ ಹತೋಟಿಗೆ ಬಂದಿದೆಯೇ ಎಂದು ತಿಳಿಸುವ ಪರೀಕ್ಷೆ ನೋಡುವುದೂ ಹಿಂದಿನ ಎರಡು ಮೂರು ತಿಂಗಳನ್ನೇ. ದೇಹ ತನ್ನ ದಾಸ್ತಾನನ್ನು ಬದಲಿಸಿಕೊಳ್ಳುವ ವೇಗವೇ ಅಷ್ಟು.

ಎಲೆಯಿಂದ ಬಂದ ಮಾತ್ರೆ

ಸಿದ್ಧತೆಯಲ್ಲಿ ಎಲ್ಲಕ್ಕಿಂತ ಅಗ್ಗದ್ದೂ ಹೆಚ್ಚು ಪುರಾವೆ ಇರುವುದೂ ಫೋಲಿಕ್ ಆಸಿಡ್ ಮಾತ್ರೆ. ಇದರ ಕಥೆ ಶುರುವಾಗುವುದು ನಮ್ಮ ದೇಶದಲ್ಲೇ. 1928ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬಯಿಗೆ ಬಂದು, ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟ್‌ನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ತಿನ್ನಿಸಿದಾಗ ಆ ಹೆಂಗಸರು ಚೇತರಿಸಿಕೊಂಡದ್ದನ್ನು ಅವರು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ಅಂಶ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಹತ್ತು ವರ್ಷಗಳ ಬಳಿಕ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ನರಕೊಳವೆಗೂ ಇದಕ್ಕೂ ಇರುವ ನಂಟು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾದದ್ದು 1991ರಲ್ಲಿ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಹಿಂದೆ ನರಕೊಳವೆ ಮುಚ್ಚದ ದೋಷವಿದ್ದ ಮಗುವನ್ನು ಹೆತ್ತಿದ್ದ ತಾಯಂದಿರು ಗರ್ಭಧಾರಣೆಗೆ ಮೊದಲಿನಿಂದಲೇ ಫೋಲಿಕ್ ಆಸಿಡ್ ತೆಗೆದುಕೊಂಡಾಗ, ಅದೇ ದೋಷ ಮರುಕಳಿಸುವುದು 72% ಕಡಿಮೆಯಾಯಿತು.

ನರಕೊಳವೆ ಮೇಲ್ತುದಿಯಲ್ಲಿ ಮುಚ್ಚದಿದ್ದರೆ ಮಿದುಳು ಮತ್ತು ತಲೆಬುರುಡೆ ರೂಪುಗೊಳ್ಳದೆ ಮಗು ಬದುಕುವುದಿಲ್ಲ; ಕೆಳಗೆ ಮುಚ್ಚದಿದ್ದರೆ ಬೆನ್ನುಮೂಳೆ ಸೀಳಿದಂತಾಗಿ, ಕಾಲುಗಳ ಬಲ ಮತ್ತು ಮಲಮೂತ್ರದ ಹತೋಟಿ ಕುಂದುವ ಸಂಭವವಿದೆ. ಇದನ್ನು ತಡೆಯಲು ಸಾಮಾನ್ಯ ಹೆಣ್ಣಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಸಾಕು. ಗರ್ಭ ಬೇಕೆಂದು ನಿರ್ಧರಿಸಿದ ದಿನದಿಂದ, ಕನಿಷ್ಠ ಒಂದು ತಿಂಗಳು ಮೊದಲು, ಸಾಧ್ಯವಾದರೆ ಮೂರು ತಿಂಗಳು ಮೊದಲು ಆರಂಭಿಸಿ, ಗರ್ಭದ 12ನೆಯ ವಾರದವರೆಗೆ ಇದನ್ನು ಮುಂದುವರಿಸಬೇಕು. ಹಿಂದಿನ ಮಗುವಿಗೆ ನರಕೊಳವೆಯ ದೋಷವಿದ್ದವರಿಗೆ, ಮೂರ್ಛೆರೋಗಕ್ಕೆ ಕೆಲವು ಔಷಧ ಸೇವಿಸುತ್ತಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ಇದರ ಹತ್ತುಪಟ್ಟು ಅಥವಾ ಅದಕ್ಕೂ ಹೆಚ್ಚು, ಅಂದರೆ 4ರಿಂದ 5 ಮಿಲಿಗ್ರಾಂ ಬರೆಯುತ್ತಾರೆ. ನಮ್ಮ ಔಷಧದಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಈ 5 ಮಿಲಿಗ್ರಾಂ ಮಾತ್ರೆಯೇ. ಎಲ್ಲರಿಗೂ ಅಷ್ಟು ದೊಡ್ಡ ಪ್ರಮಾಣ ಬೇಕಿಲ್ಲವಾದ್ದರಿಂದ, ತಮಗೆ ಎಷ್ಟು ಬೇಕೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಸೊಪ್ಪು ಕಾಳು ತಿನ್ನುವ ನಮಗೆ ಮಾತ್ರೆ ಏತಕ್ಕೆ ಎಂಬ ಪ್ರಶ್ನೆ ಸಹಜ. ಹೆಸರುಕಾಳು, ಅಲಸಂದೆ, ಕಡಲೆ, ಪಾಲಕ್, ನುಗ್ಗೆಸೊಪ್ಪುಗಳಲ್ಲಿ ಈ ಜೀವಸತ್ವ ಧಾರಾಳವಾಗಿದೆ ಎಂಬುದು ನಿಜ. ಆದರೆ ಅದು ಬಿಸಿಗೆ ಕೆಡುತ್ತದೆ, ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲೇ ಸಾರು ಮಾಡುವ ನಮ್ಮ ಬಸ್ಸಾರು ಈ ದೃಷ್ಟಿಯಿಂದ ಜಾಣ ಅಡುಗೆ. ನೀರಿಗಿಳಿದದ್ದು ಮತ್ತೆ ತಟ್ಟೆಗೇ ಬರುತ್ತದೆ. ಹಾಗಿದ್ದರೂ ಆಹಾರದಲ್ಲಿರುವ ರೂಪಕ್ಕಿಂತ ಮಾತ್ರೆಯಲ್ಲಿರುವ ರೂಪವನ್ನು ದೇಹ ಹೆಚ್ಚು ಚೆನ್ನಾಗಿ ಹೀರಿಕೊಳ್ಳುತ್ತದೆ, ಮತ್ತು ನರಕೊಳವೆಯನ್ನು ಕಾಯುವ ಮಟ್ಟಕ್ಕೆ ಏರಲು ಊಟವೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಪಡಿತರದಲ್ಲಿ ಬರುವ ಸಾರವರ್ಧಿತ ಅಕ್ಕಿಯಲ್ಲೂ ಫೋಲಿಕ್ ಆಸಿಡ್ ಸೇರಿಸಿರುತ್ತಾರೆ. ಪ್ಲಾಸ್ಟಿಕ್ ಅಕ್ಕಿ ಎಂದು ಕೆಲವರು ಆರಿಸಿ ಎಸೆಯುವ ಕಾಳುಗಳೇ ಅವು. ಆದರೆ ಅದರ ಪ್ರಮಾಣ ಕಿಲೋಗೆ ಸುಮಾರು 100 ಮೈಕ್ರೋಗ್ರಾಂ ಮಾತ್ರ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೆ ಅದರಿಂದ ದಕ್ಕುವುದು 30 ಮೈಕ್ರೋಗ್ರಾಂ. ಎಸೆಯಬಾರದು, ಆದರೆ ಅದೇ ಸಾಕು ಎಂದುಕೊಳ್ಳಲೂ ಬಾರದು.

ರಕ್ತದ ದಾಸ್ತಾನು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 47.8% ಮಂದಿಗೆ ರಕ್ತಹೀನತೆಯಿದೆ. ದೇಶದ ಅಂಕಿ 57%. ಅಂದರೆ ನಮ್ಮ ರಾಜ್ಯದಲ್ಲಿ ಗರ್ಭ ಧರಿಸಲಿರುವ ಇಬ್ಬರಲ್ಲಿ ಒಬ್ಬರು ಕೊರತೆಯಿಂದಲೇ ಹೊರಡುತ್ತಾರೆ. ಗರ್ಭಿಣಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹತ್ತು ಗ್ರಾಂ ಇದ್ದರೂ ಮನೆಗೆಲಸ, ಹೊಲದ ಕೆಲಸ ನಡೆದೇ ಹೋಗುತ್ತದಾದ್ದರಿಂದ ಬಹಳಷ್ಟು ಮಂದಿಗೆ ಅದು ತಿಳಿಯುವುದೇ ಇಲ್ಲ. ಸುಸ್ತನ್ನು ‘ಹೆಂಗಸರಿಗೆ ಇದ್ದದ್ದೇ’ ಎಂದು ತಳ್ಳಿಹಾಕುವುದು ರೂಢಿಯಾಗಿದೆ.

ಒಂದು ಗರ್ಭಕ್ಕೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಇದರಲ್ಲಿ ಮಗು ಮತ್ತು ಮಾಸಿಗೆ 300, ತಾಯಿಯ ದೇಹದಲ್ಲಿ ಹೆಚ್ಚುವ ರಕ್ತಕ್ಕೆ 500, ದಿನನಿತ್ಯದ ನಷ್ಟಕ್ಕೆ 200 ಎಂದು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಕೊನೆಯ ತಿಂಗಳುಗಳಲ್ಲಿ ಬೇಡಿಕೆ ಎಷ್ಟು ಏರುತ್ತದೆಂದರೆ ಆಹಾರದಿಂದ ಅದನ್ನು ಪೂರೈಸುವುದು ಕಷ್ಟ. ದೇಹ ಹಳೆಯ ದಾಸ್ತಾನಿಗೆ ಕೈಹಾಕುತ್ತದೆ. ದಾಸ್ತಾನೇ ಬರಿದಾಗಿದ್ದರೆ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು, ಹೆರಿಗೆಯ ರಕ್ತಸ್ರಾವವನ್ನು ತಡೆದುಕೊಳ್ಳಲಾಗದ ತಾಯಿ, ಹೀಗೆ ತೊಂದರೆಗಳು ಸಾಲುಗಟ್ಟುತ್ತವೆ. ಮಾತ್ರೆಯಿಂದ ಹಿಮೋಗ್ಲೋಬಿನ್ ಒಂದು ಗ್ರಾಂ ಏರಲು ಮೂರು ನಾಲ್ಕು ವಾರ ಬೇಕಾಗುವುದರಿಂದ ಮತ್ತು ಸಂಖ್ಯೆ ಸರಿಹೋದ ಮೇಲೂ ದಾಸ್ತಾನು ತುಂಬಲು ಇನ್ನಷ್ಟು ತಿಂಗಳು ಹಿಡಿಯುವುದರಿಂದ, ವಾಂತಿ ವಾಕರಿಕೆಯ ಮೊದಲ ತಿಂಗಳುಗಳು ಬರುವ ಮುನ್ನವೇ ಈ ಕೆಲಸ ಮುಗಿದಿದ್ದರೆ ಎಲ್ಲರಿಗೂ ಹಗುರ.

ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರಲ್ಲದ ಮಹಿಳೆಯರಿಗೂ ವಾರಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಕೊಡುವ ವ್ಯವಸ್ಥೆಯಿದೆ. ಈ ವಿಷಯ ಗೊತ್ತಿರುವವರು ಕಡಿಮೆ, ಕೇಳಿ ಪಡೆಯುವವರು ಅದಕ್ಕಿಂತ ಕಡಿಮೆ. ಮಾತ್ರೆ ತೆಗೆದುಕೊಂಡಾಗ ಮಲ ಕಪ್ಪಾಗುವುದು, ಹೊಟ್ಟೆ ತೊಳಸುವುದು ಸಾಮಾನ್ಯ. ಅದಕ್ಕೆ ಹೆದರಿ ಬಿಡಬೇಕಿಲ್ಲ. ಊಟದ ಬೆನ್ನಿಗೇ ಕಾಫಿ, ಟೀ ಕುಡಿಯುವ ಅಭ್ಯಾಸವೊಂದನ್ನು ಮಾತ್ರ ಬಿಡಲೇಬೇಕು, ಏಕೆಂದರೆ ಅವುಗಳಲ್ಲಿರುವ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರಿಕೊಳ್ಳದಂತೆ ಮಾಡುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇದಕ್ಕೆ ತದ್ವಿರುದ್ಧ. ಹೆಸರುಬೇಳೆ ಕೋಸಂಬರಿಗೆ ನಿಂಬೆ ಹಿಂಡುವುದರಲ್ಲಿ ರುಚಿಯ ಜೊತೆಗೆ ಈ ಲಾಭವೂ ಇದೆ. ರಾಗಿಯ ವಿಷಯದಲ್ಲಿ ನಮಗೆ ಸ್ವಲ್ಪ ಅತಿಯಾದ ಅಭಿಮಾನವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು ನಿಜವಾದರೂ, ಅದರಲ್ಲೇ ಕಬ್ಬಿಣದ ಹೀರಿಕೆಗೆ ಅಡ್ಡಬರುವ ವಸ್ತುಗಳೂ ಇವೆ. ಮೊಳಕೆ ಬರಿಸಿದರೆ ಅವು ತಗ್ಗುತ್ತವೆ. ಮುದ್ದೆ ಮೂಳೆಗೆ ಒಳ್ಳೆಯದು, ರಕ್ತಕ್ಕೆ ಮುದ್ದೆಯೊಂದೇ ಸಾಲದು.

ಎರಡು ತಿಂಗಳು ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಜಂತುಹುಳು, ಅತಿಯಾದ ಮುಟ್ಟಿನ ಸ್ರಾವ, ಬಿ12 ಕೊರತೆ, ಥಲಸ್ಸೀಮಿಯಾ ವಾಹಕತೆ (ವಂಶಪಾರಂಪರ್ಯವಾಗಿ ಬರುವ ಆ ರಕ್ತದ ಕಾಯಿಲೆಯ ವಂಶವಾಹಿಯನ್ನು ಹೊತ್ತಿರುವುದು) ಇವುಗಳಲ್ಲಿ ಮುಖ್ಯವಾದವು. ಬಿ12 ಜೀವಸತ್ವ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲು ಮೊಸರಿನಂಥ ಪದಾರ್ಥಗಳಿಂದ ಮಾತ್ರ. ಸಸ್ಯಾಹಾರಿ ಮನೆಗಳಲ್ಲಿ ಹೆಂಗಸರ ಪಾಲಿಗೆ ಬರುವುದು ನೀರು ಮಜ್ಜಿಗೆಯಷ್ಟೇ ಆದ್ದರಿಂದ ಕೊರತೆ ಸಾಮಾನ್ಯ. ಫೋಲಿಕ್ ಆಸಿಡ್ ಮಾತ್ರೆಯೊಂದನ್ನೇ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ಬಿ12 ಕೊರತೆ ರಕ್ತಪರೀಕ್ಷೆಯಲ್ಲಿ ಮರೆಯಾಗಿ, ನರಗಳಿಗೆ ಆಗುವ ಹಾನಿ ಸದ್ದಿಲ್ಲದೆ ಮುಂದುವರಿಯಬಹುದು. ಸಸ್ಯಾಹಾರಿಗಳು ಎರಡನ್ನೂ ಒಟ್ಟಿಗೆ ಯೋಚಿಸಬೇಕು.

ಮೈಸೂರಿನ ಹಳೆಯ ರಿಜಿಸ್ಟರುಗಳು

ತಾಯಿಯ ಪೋಷಣೆ ಮಗುವಿನ ಇಡೀ ಆಯಸ್ಸಿನ ಆರೋಗ್ಯವನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಒಂದು ಊರು ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ದಾಖಲೆಗಳನ್ನು ಹಿಡಿದು, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನ ಸುತ್ತಮುತ್ತಲೇ ನೆಲೆಸಿದ್ದವರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನಡುವಯಸ್ಸಿನ ನಂತರ 11% ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಕಂಡುಬಂದರೆ, ಮೂರು ಕಿಲೋಗೂ ಮೇಲ್ಪಟ್ಟು ತೂಗಿದ್ದವರಲ್ಲಿ ಅದು 3% ಮಾತ್ರ ಇತ್ತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಇನ್ನೊಂದು ಅಧ್ಯಯನದಲ್ಲಿ 43% ಹೆಂಗಸರಿಗೆ ಬಿ12 ಕೊರತೆಯಿತ್ತು. ಅಂಥವರಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಣಿಸಿತು. ಆ ಕಾಯಿಲೆಯಿದ್ದ ತಾಯಂದಿರ ಮಕ್ಕಳ ಮೈಯಲ್ಲಿ ಎಳವೆಯಲ್ಲೇ ಕೊಬ್ಬಿನ ಅಂಶ ಹೆಚ್ಚಿತ್ತು.

ಗರ್ಭಧಾರಣೆಗೆ ಮುನ್ನವೇ ಊಟವನ್ನು ಸುಧಾರಿಸಿದರೆ ಏನಾಗುತ್ತದೆ ಎಂದು ನೇರವಾಗಿ ಪರೀಕ್ಷಿಸಿದ್ದು ಮುಂಬಯಿಯ ಕೊಳೆಗೇರಿಗಳಲ್ಲಿ. ಸರಸ್ ಎಂಬ ಆ ಯೋಜನೆಯಲ್ಲಿ ಮಕ್ಕಳನ್ನು ಬಯಸುತ್ತಿದ್ದ ಹೆಂಗಸರಿಗೆ ಸೊಪ್ಪು, ಹಣ್ಣು, ಹಾಲಿನಿಂದ ಮಾಡಿದ ತಿಂಡಿಯನ್ನು ನಿತ್ಯ ಕೊಡಲಾಯಿತು. ಒಟ್ಟಾರೆ ನೋಡಿದಾಗ ಮಕ್ಕಳ ಜನನ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಗರ್ಭ ಧರಿಸುವ ಮುನ್ನ ಮೂರು ತಿಂಗಳಾದರೂ ತಿಂಡಿ ತಿಂದಿದ್ದವರ ಮಕ್ಕಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದರು, ಮತ್ತು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ 12.4%ರಿಂದ 7.3%ಕ್ಕೆ ಇಳಿದಿತ್ತು. ತೂಕದ ಅಂಕಿ ಸಣ್ಣದು. ಬೆರಗಾಗಬೇಕಾದದ್ದು ಎರಡನೆಯ ಅಂಕಿಗೆ, ಅದೂ ದುಬಾರಿ ಔಷಧವಿಲ್ಲದೆ ಸೊಪ್ಪಿನ ತಿಂಡಿಯಿಂದ ಬಂದದ್ದಕ್ಕೆ.

ಮೊದಲೇ ಸಕ್ಕರೆ ಕಾಯಿಲೆ ಇರುವವರಿಗಂತೂ ಸಿದ್ಧತೆ ಆಯ್ಕೆಯ ವಿಷಯವಲ್ಲ. ಅಂಗಗಳು ರೂಪುಗೊಳ್ಳುವ ವಾರಗಳಲ್ಲಿ ತಾಯಿಯ ರಕ್ತದ ಸಕ್ಕರೆ ಹೆಚ್ಚಿದ್ದರೆ ಮಗುವಿನ ಹೃದಯ ಮತ್ತು ಬೆನ್ನುಹುರಿಯ ದೋಷಗಳು, ಗರ್ಭಪಾತ ಹೆಚ್ಚುತ್ತವೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ 6.5ಕ್ಕಿಂತ ಕೆಳಗೆ ಬಂದ ಮೇಲೆ ಗರ್ಭ ಧರಿಸುವುದು ಒಳಿತು; 10ಕ್ಕಿಂತ ಮೇಲಿದ್ದರೆ ಸದ್ಯಕ್ಕೆ ಬೇಡ ಎಂದೇ ವೈದ್ಯರು ಹೇಳುತ್ತಾರೆ. ತೂಕದ ವಿಷಯವೂ ಇಲ್ಲೇ ಬರುತ್ತದೆ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ನಮ್ಮವರಿಗೆ 18.5ರಿಂದ 22.9ರ ನಡುವೆ ಇರುವುದು ಲೇಸು. ಪಿಸಿಓಡಿ, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ, ಇದ್ದು ತೂಕ ಹೆಚ್ಚಿರುವವರಲ್ಲಿ ದೇಹದ ತೂಕದ 5ರಿಂದ 10% ಇಳಿದರೂ ಎಷ್ಟೋ ಸಲ ಅಂಡ ಬಿಡುಗಡೆ ತಾನಾಗಿ ಮರಳುತ್ತದೆ. ಹಾಗೆಂದು ಊಟ ಬಿಟ್ಟು ಒಂದೇ ತಿಂಗಳಲ್ಲಿ ಇಳಿಸಿಕೊಳ್ಳಲು ಹೊರಟರೆ ಮೇಲೆ ಹೇಳಿದ ಕೊರತೆಗಳೆಲ್ಲ ಇನ್ನಷ್ಟು ಕೂಡುತ್ತವೆ. ತೀರ ತೆಳ್ಳಗಿರುವವರು ತೂಕ ಹೆಚ್ಚಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಹಳ್ಳಿಯ ಬಡ ಮನೆಗಳಲ್ಲಿ ಇಂದಿಗೂ ಅದೇ ದೊಡ್ಡ ಸಮಸ್ಯೆ.

ಥೈರಾಯ್ಡ್ ಗ್ರಂಥಿಯ ಮಾತು ಚಿಕ್ಕದು. ಮೊದಲ ಮೂರು ತಿಂಗಳು ಭ್ರೂಣದ ಮಿದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಥೈರಾಯ್ಡ್ ಕೊರತೆಗೆ ಮಾತ್ರೆ ನುಂಗುತ್ತಿರುವವರು, ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿದೆಯೇ ಎಂದು ರಕ್ತಪರೀಕ್ಷೆಯಲ್ಲಿ ತಿಳಿಸುವ ಟಿಎಸ್‌ಎಚ್ ಅನ್ನು 2.5ಕ್ಕಿಂತ ಕೆಳಗೆ ತಂದುಕೊಂಡು ಹೊರಡಬೇಕು. ಅಡುಗೆಗೆ ಅಯೋಡಿನ್ ಬೆರೆಸಿದ ಉಪ್ಪನ್ನೇ ಬಳಸಬೇಕು.

ಬಿಡಬೇಕಾದ ಔಷಧ, ಬಿಡಬಾರದ ಔಷಧ, ಹಾಕಿಸಬೇಕಾದ ಲಸಿಕೆ

ಗರ್ಭ ನಿಂತದ್ದು ತಿಳಿಯುತ್ತಲೇ ಹೆದರಿ ಎಲ್ಲ ಮಾತ್ರೆಗಳನ್ನೂ ನಿಲ್ಲಿಸುವವರಿದ್ದಾರೆ. ಯಾವುದನ್ನೂ ಯೋಚಿಸದೆ ಮುಂದುವರಿಸುವವರೂ ಇದ್ದಾರೆ. ಎರಡೂ ಅಪಾಯ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಎಂಬ ಔಷಧವನ್ನು ಗರ್ಭದ ಅವಧಿಯಲ್ಲಿ ಸೇವಿಸಿದರೆ ನೂರರಲ್ಲಿ ಸುಮಾರು 10 ಶಿಶುಗಳಿಗೆ ಅಂಗದೋಷ ಉಂಟಾಗುತ್ತದೆ, ಇನ್ನೂ ಹೆಚ್ಚು ಮಕ್ಕಳಲ್ಲಿ ಕಲಿಕೆಯ ತೊಂದರೆ ಕಾಣುತ್ತದೆ. ಹಾಗೆಂದು ಅದನ್ನು ಥಟ್ಟನೆ ನಿಲ್ಲಿಸಿದರೆ ಬರುವ ಮೂರ್ಛೆ ತಾಯಿಯ ಜೀವಕ್ಕೇ ಎರವಾಗಬಹುದು. ಆದ್ದರಿಂದ ಮಗು ಬೇಕೆನಿಸಿದಾಗಲೇ ನರರೋಗ ತಜ್ಞರನ್ನು ಕಂಡು, ಬೇರೆ ಔಷಧಕ್ಕೆ ನಿಧಾನವಾಗಿ ಬದಲಾಗಲು ಕಾಲಾವಕಾಶ ಮಾಡಿಕೊಳ್ಳಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳು, ರಕ್ತ ತೆಳುವಾಗಿಸುವ ವಾರ್ಫರಿನ್, ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್, ಮೊಡವೆಗೆ ಬರೆಯುವ ಐಸೋಟ್ರೆಟಿನಾಯಿನ್ ಇವೂ ಇದೇ ಸಾಲಿಗೆ ಸೇರುತ್ತವೆ. ಐಸೋಟ್ರೆಟಿನಾಯಿನ್ ನಿಲ್ಲಿಸಿ ಕನಿಷ್ಠ ಒಂದು ತಿಂಗಳಾಗಿರಬೇಕು. ಇದರ ಬಗ್ಗೆ ವಿಶೇಷವಾಗಿ ಹೇಳಬೇಕೆನಿಸುವುದು ಏಕೆಂದರೆ, ಮೊಡವೆಯ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡೀತು ಎಂದು ಯಾರೂ ಊಹಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಥೈರಾಯ್ಡ್ ಮಾತ್ರೆ, ಇನ್ಸುಲಿನ್, ಆಸ್ತಮಾದ ಇನ್‌ಹೇಲರ್‌ಗಳನ್ನು ನಿಲ್ಲಿಸುವುದೇ ತಪ್ಪು.

ಮಕ್ಕಳಾಗಲೆಂದು ನಾಟಿ ಔಷಧ, ಭಸ್ಮಗಳ ಮೊರೆ ಹೋಗುವ ರೂಢಿಯ ಬಗ್ಗೆಯೂ ಎಚ್ಚರಿಕೆಯ ಮಾತು ಅಗತ್ಯ. 2011–12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಅಧಿಕಾರಿಗಳು ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸದ ಅಂಶ ಮಿತಿಮೀರಿರುವುದನ್ನು ಕಂಡು ವಿಚಾರಿಸಿದಾಗ, ಅವರೆಲ್ಲರೂ ಭಾರತದಿಂದ ಬಂದ ಆಯುರ್ವೇದದ ಔಷಧಗಳನ್ನು ಸೇವಿಸಿದ್ದು ತಿಳಿಯಿತು. ಎಲ್ಲ ಆಯುರ್ವೇದ ಔಷಧಗಳೂ ಹೀಗೆಂದು ಇದರ ಅರ್ಥವಲ್ಲ. ಏನು ಬೆರೆಸಿದ್ದಾರೆಂದು ಬರೆದಿರದ ಪುಡಿಯನ್ನು ಗರ್ಭ ಬಯಸುವ ಹೆಣ್ಣು ನುಂಗಬಾರದು ಎಂದಷ್ಟೇ.

ಲಸಿಕೆಗಳಲ್ಲಿ ಮುಖ್ಯವಾದದ್ದು ರುಬೆಲ್ಲಾ. ದೊಡ್ಡವರಿಗೆ ಎರಡು ದಿನದ ಜ್ವರ, ಮೈಮೇಲೆ ಸಣ್ಣ ಗುಳ್ಳೆ ತಂದು ಹೋಗುವ ಈ ಸೋಂಕು ಗರ್ಭದ ಮೊದಲ ತಿಂಗಳುಗಳಲ್ಲಿ ತಗುಲಿದರೆ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಉಂಟಾಗುತ್ತವೆ. ಇದನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ನಮ್ಮ ರಾಜ್ಯದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆದದ್ದು 2017ರ ಫೆಬ್ರವರಿಯಲ್ಲಿ, 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ. ಆಗ 15 ದಾಟಿದ್ದವರು, ಅಂದರೆ 2002ಕ್ಕೆ ಮೊದಲು ಹುಟ್ಟಿದವರು, ಅದರ ಹೊರಗುಳಿದರು. ಈಗ ಮಕ್ಕಳನ್ನು ಹೆರುವ ವಯಸ್ಸಿನಲ್ಲಿರುವವರಲ್ಲಿ ಬಹುಪಾಲು ಅವರೇ. ಖಾಸಗಿಯಾಗಿ ಲಸಿಕೆ ಹಾಕಿಸಿಕೊಂಡಿರದಿದ್ದರೆ ಈಗ ಹಾಕಿಸಿಕೊಳ್ಳಬಹುದು. ಆದರೆ ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಗರ್ಭ ನಿಂತ ಮೇಲೆ ಕೊಡುವಂತಿಲ್ಲ; ಲಸಿಕೆಗೂ ಗರ್ಭಧಾರಣೆಗೂ ನಡುವೆ ಒಂದು ತಿಂಗಳ ಅಂತರವಿರಬೇಕು. ಹಲ್ಲು ಒಸಡುಗಳ ಚಿಕಿತ್ಸೆಯನ್ನೂ ಈ ಅವಧಿಯಲ್ಲೇ ಮುಗಿಸಿಕೊಂಡರೆ ಅನುಕೂಲ.

ನೆಂಟಸ್ತಿಕೆಯ ಮದುವೆ

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಕರ್ನಾಟಕದಲ್ಲಿ ಇಂದಿಗೂ ಸಾಮಾನ್ಯ. ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ನಡೆಯುತ್ತದೆ. ಯಾವುದೇ ದಂಪತಿಗೆ ಜನ್ಮಜಾತ ದೋಷವಿರುವ ಮಗು ಹುಟ್ಟುವ ಸಂಭವ ನೂರಕ್ಕೆ 2ರಿಂದ 3 ಇದ್ದರೆ, ಅತ್ತೆ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸೋದರಮಾವ ಮತ್ತು ಅಕ್ಕತಂಗಿಯ ಮಗಳ ನಡುವೆ ವಂಶವಾಹಿಗಳ ಹಂಚಿಕೆ ಇನ್ನೂ ಹೆಚ್ಚಿರುವುದರಿಂದ ಅಲ್ಲಿ ಅಪಾಯವೂ ಹೆಚ್ಚು. ಹೀಗಿದ್ದರೂ ಇಂಥ ದಂಪತಿಗಳಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಮದುವೆಯಾದವರನ್ನು ಹೆದರಿಸುವುದರಿಂದ ಪ್ರಯೋಜನವಿಲ್ಲ. ಮನೆತನದಲ್ಲಿ ಹುಟ್ಟು ಕಿವುಡು, ಬುದ್ಧಿಮಾಂದ್ಯ, ಎಳೆಗೂಸುಗಳ ಸಾವು ಇದ್ದುದನ್ನು ಮುಚ್ಚಿಡದೆ ವಂಶವಾಹಿ ತಜ್ಞರಿಗೆ ಹೇಳುವುದು ಪ್ರಯೋಜನಕ್ಕೆ ಬರುತ್ತದೆ.

ಥಲಸ್ಸೀಮಿಯಾ ಮತ್ತು ಕುಡಗೋಲು ಕಣ ರೋಗದ ವಾಹಕರನ್ನು ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು. ಗಂಡ ಹೆಂಡತಿ ಇಬ್ಬರೂ ಒಂದೇ ರೋಗದ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲೂ ರೋಗವಿರುವ ಮಗುವಿನ ಸಂಭವ 25%. ಮೈಸೂರು, ಚಾಮರಾಜನಗರ, ಕೊಡಗಿನ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರೋಗ ಇರುವುದರಿಂದ ಅಲ್ಲಿ ಈ ಪರೀಕ್ಷೆ ಇನ್ನಷ್ಟು ಮುಖ್ಯ. ಮೊದಲೇ ತಿಳಿದಿದ್ದರೆ ಗರ್ಭದ 11ರಿಂದ 13ನೆಯ ವಾರದಲ್ಲಿ ಭ್ರೂಣದ ಪರೀಕ್ಷೆ ಮಾಡಿಸಿಕೊಳ್ಳುವ ದಾರಿ ತೆರೆದಿರುತ್ತದೆ.

ಗಂಡಸಿನ ಪಾಲು

ಇಷ್ಟೂ ಪಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟು ಗಂಡ ಸುಮ್ಮನಿರುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ. ಮಕ್ಕಳಾಗಲು ತಡವಾಗುವ ದಂಪತಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಮದ್ಯ ವೀರ್ಯಾಣುಗಳ ಸಂಖ್ಯೆಯನ್ನೂ ಗುಣವನ್ನೂ ಕುಗ್ಗಿಸುತ್ತವೆ. ಇವತ್ತು ಬಿಟ್ಟರೆ ಅದರ ಫಲ ಕಾಣುವುದು ಮೂರು ತಿಂಗಳ ಬಳಿಕ ಹೊರಬರುವ ವೀರ್ಯಾಣುಗಳಲ್ಲಿ. ಜೋರು ಜ್ವರ ಬಂದುಹೋದ ಮೇಲೆ ಕೆಲವು ವಾರ ಸಂಖ್ಯೆ ತಗ್ಗುವುದುಂಟು. ಬೇಕರಿಯ ಒಲೆಯ ಮುಂದೆ, ಲಾರಿಯ ಎಂಜಿನ್ ಪಕ್ಕದಲ್ಲಿ ದಿನವಿಡೀ ಕೂರುವವರಿಗೆ ಬಿಸಿಯೂ ಒಂದು ತೊಡಕು. ಈಚೆಗೆ ಊರೂರಿಗೆ ಬಂದಿರುವ ಜಿಮ್‌ಗಳಲ್ಲಿ ಮೈಕಟ್ಟಿಗಾಗಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್, ಸ್ಟೀರಾಯ್ಡ್‌ಗಳು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಿಬಿಡಬಲ್ಲವು. ಗಂಡಸುತನದ ಔಷಧವೆಂದು ತಿಳಿದದ್ದು ಹೀಗೆ ಮಾಡುತ್ತದೆ ಎಂಬುದು ಬಹಳ ಮಂದಿಗೆ ತಿಳಿಯುವುದು ವರ್ಷಗಳಾದ ಮೇಲೆ. ಹೆಣ್ಣಿನ ಕಡೆಯಲ್ಲೂ ಹೊಗೆಸೊಪ್ಪು, ಕಡ್ಡಿಪುಡಿಯ ಚಟವನ್ನು ಕೇಳಿ ತಿಳಿಯಬೇಕು. ಸಿಗರೇಟು ಸೇದುವುದಿಲ್ಲ ಎಂದ ಮಾತ್ರಕ್ಕೆ ತಂಬಾಕು ಇಲ್ಲವೆಂದಲ್ಲ. ಗಂಡ ಮನೆಯೊಳಗೆ ಸೇದುವ ಹೊಗೆಯೂ ಅವಳ ಪಾಲಿಗೆ ಬರುತ್ತದೆ. ಮದ್ಯಕ್ಕೆ ಗರ್ಭದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ.

ಸಿದ್ಧತೆ ಮುಗಿಯುವತನಕ ಮತ್ತು ಆಮೇಲೆ

ಈ ತಿಂಗಳುಗಳಲ್ಲಿ ಗರ್ಭ ನಿಲ್ಲದಂತೆ ನೋಡಿಕೊಳ್ಳುವುದೂ ಸಿದ್ಧತೆಯದೇ ಭಾಗ. ನಿರೋಧ್ ಅಥವಾ ನುಂಗುವ ಮಾತ್ರೆ ನಿಲ್ಲಿಸಿದರೆ ಫಲವತ್ತತೆ ಬೇಗ ಮರಳುತ್ತದೆ, ಕಾಪರ್ ಟಿ ತೆಗೆಸಿದ ಮೇಲೂ ಅಷ್ಟೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಅಂತರಾ ಚುಚ್ಚುಮದ್ದು ಮಾತ್ರ ಬೇರೆ. ಕೊನೆಯ ಚುಚ್ಚುಮದ್ದಿನ ಬಳಿಕ ಗರ್ಭ ನಿಲ್ಲಲು ಹತ್ತು ತಿಂಗಳವರೆಗೂ ಹಿಡಿಯಬಹುದಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಹೆರಿಗೆಯಾದವರು ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಬಿಡುವು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪ್ರಯತ್ನ ಆರಂಭಿಸಿದ ಮೇಲೆ ದಿನಗಳನ್ನು ಅತಿಯಾಗಿ ಎಣಿಸಬೇಕಿಲ್ಲ. ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ ಗರ್ಭ ಕಟ್ಟುವ ಸಾಧ್ಯತೆಯಿದ್ದು, ತಿಂಗಳಿಡೀ ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಆ ದಿನಗಳು ತಪ್ಪಿಹೋಗುವುದಿಲ್ಲ. ಹೆಚ್ಚಿನ ದಂಪತಿಗಳಲ್ಲಿ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ವರ್ಷವಾದರೂ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು. ಅಗ್ಗವೂ ನೋವಿಲ್ಲದ್ದೂ ಆದ ವೀರ್ಯ ಪರೀಕ್ಷೆಯನ್ನು ಮೊದಲಿಗೇ ಮಾಡಿಸುವುದು ಸರಿಯಾದ ಕ್ರಮ. ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸಿ ಕೊನೆಯಲ್ಲಿ ಗಂಡನ ಪರೀಕ್ಷೆಗೆ ಬರುವ ನಮ್ಮ ಪದ್ಧತಿಯಲ್ಲಿ ಹಣ, ಕಾಲ, ಹೆಣ್ಣಿನ ನೆಮ್ಮದಿ ಮೂರೂ ಹಾಳಾಗುತ್ತವೆ.

ಮುಟ್ಟು ಬರಬೇಕಾದ ದಿನ ಬರದಿದ್ದರೆ ಎರಡು ವಾರ ಕಾಯದೆ, ಆ ವಾರದಲ್ಲೇ ಪರೀಕ್ಷೆ ಮಾಡಿಕೊಳ್ಳಬೇಕು. ಗೆರೆ ಎರಡಾದರೆ ಫೋಲಿಕ್ ಆಸಿಡ್ ಎಂದಿನಂತೆ ಮುಂದುವರಿಯುತ್ತದೆ. ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಕಾಲುಭಾಗದಷ್ಟು ಏರಿಸಬೇಕಾಗುವುದರಿಂದ ಅದನ್ನು ಸೇವಿಸುತ್ತಿರುವವರು ಅದೇ ದಿನ ವೈದ್ಯರಿಗೆ ತಿಳಿಸಬೇಕು, ಸಕ್ಕರೆ ಕಾಯಿಲೆ ಮತ್ತು ಮೂರ್ಛೆರೋಗ ಇರುವವರೂ ಹಾಗೆಯೇ. ಉಳಿದವರು ಸಿದ್ಧತೆಯ ಅವಧಿಯಲ್ಲಿ ಮಾಡಿಸಿದ ಪರೀಕ್ಷೆಗಳ ಚೀಟಿಗಳನ್ನು ಜೊತೆಗಿಟ್ಟುಕೊಂಡು, ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಬಹುದು.